ತ್ರಿಪದಿಯ ಕಟ್ಟು: ಗಣ, ಗತಿ, ಪುನರುಕ್ತಿ

ಮೂರೇ ಪಾದಗಳ, ಹನ್ನೊಂದೇ ಗಣಗಳ ಒಂದು ಪುಟ್ಟ ಪದ್ಯಜಾತಿಯ ವಿಷಯವಾಗಿ ಕನ್ನಡ ವಿದ್ವಾಂಸರು ಒಂದು ಶತಮಾನಕ್ಕೂ ಮೀರಿ ವಾದಿಸುತ್ತ ಬಂದಿರುವರೆಂಬುದು ಮೇಲುನೋಟಕ್ಕೆ ವಿಚಿತ್ರವೆನಿಸಬಹುದು. ಆದರೆ ಆ ಪದ್ಯಜಾತಿಯು ತ್ರಿಪದಿಯೆಂಬುದನ್ನೂ, ಬಾದಾಮಿಯ ಬಂಡೆಯ ಮೇಲಿನ ಬರಹದಿಂದ ಸರ್ವಜ್ಞನ ವಚನಗಳಿಗೂ, ಅಲ್ಲಿಂದ ಬೀಸುವ ಕಲ್ಲಿನ ಮುಂದೆ ಕುಳಿತ ಗರತಿಯ ಹಾಡಿಗೂ ಅದು ಸುಮಾರು ಸಾವಿರದ ಮುನ್ನೂರು ವರ್ಷ ಕನ್ನಡಿಗರ ಬಾಯಲ್ಲಿ ಬಾಳಿದೆಯೆಂಬುದನ್ನೂ ನೆನೆದರೆ, ವಾದವು ಇನ್ನೂ ಮುಗಿಯದಿರುವುದು ಸಹಜವೆಂದೇ ತೋರುವುದು. ವಾದದ ತಿರುಳು ಇಷ್ಟು: ತ್ರಿಪದಿಯ ಲಯವು ಅಕ್ಷರಗಳ ಗಣದಲ್ಲಿದೆಯೋ, ಮಾತ್ರೆಗಳ ಎಣಿಕೆಯಲ್ಲಿದೆಯೋ, ಹಾಡುವವರ ಧಾಟಿಯಲ್ಲಿದೆಯೋ? ಇದರ ಬೆನ್ನಿಗೇ ಇನ್ನೊಂದು ಪ್ರಶ್ನೆಯುಂಟು. ಅದನ್ನು ಕೇಳಿದವರು ಕಡಿಮೆ. ತ್ರಿಪದಿಯಲ್ಲಿ ಹೆಜ್ಜೆಹೆಜ್ಜೆಗೂ ಎದುರಾಗುವ ಪುನರುಕ್ತಿ, ಎಂದರೆ ಪ್ರಾಸದ, ಶಬ್ದದ, ಇಡಿಯ ಪಾದದ ಮರುಕಳಿಕೆ, ಕಟ್ಟಿದ ಪದ್ಯಕ್ಕೆ ಮೇಲೆ ತೊಡಿಸಿದ ಒಡವೆಯೋ, ಕಟ್ಟಿನ ಅಂಗವೋ? ಈ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿಟ್ಟುಕೊಂಡಿರುವ ತನಕ ಎರಡಕ್ಕೂ ಸರಿಯಾದ ಉತ್ತರ ದೊರೆಯಲಾರದೆಂಬುದು ಈ ಲೇಖಕನ ನಂಬಿಕೆ.

ಲಕ್ಷಣಕಾರರ ತ್ರಿಪದಿ

ತ್ರಿಪದಿಯ ಲಕ್ಷಣವನ್ನು ನಮಗೆ ಖಚಿತವಾಗಿ ಹೇಳಿದವನು ಹತ್ತನೆಯ ಶತಮಾನದ ಕೊನೆಯ ಭಾಗದಲ್ಲಿದ್ದ ಒಂದನೆಯ ನಾಗವರ್ಮ. ಆತನ 'ಛಂದೋಂಬುಧಿ'ಯನ್ನು ಕಿಟೆಲ್ ಪಂಡಿತನು 1875ರಲ್ಲಿ ಮಂಗಳೂರಿನಿಂದ ಅಚ್ಚುಹಾಕಿಸಿದ ಮೇಲೆಯೇ ಕನ್ನಡ ಛಂದಸ್ಸಿನ ಆಧುನಿಕ ಚರ್ಚೆಗೆ ನೆಲೆ ದೊರೆಯಿತು. ನಾಗವರ್ಮನ ಪ್ರಕಾರ ತ್ರಿಪದಿಯ ಹನ್ನೊಂದು ಗಣಗಳಲ್ಲಿ ಆರನೆಯದೂ ಹತ್ತನೆಯದೂ ಬ್ರಹ್ಮಗಣಗಳು, ಉಳಿದವೆಲ್ಲ ವಿಷ್ಣುಗಣಗಳು. ಮೊದಲೆರಡು ಪಾದಗಳಿಗೆ ನಾಲ್ಕುನಾಲ್ಕು, ಮೂರನೆಯದಕ್ಕೆ ಮೂರು. ಬ್ರಹ್ಮಗಣಕ್ಕೆ ಎರಡು ಅಂಶ, ವಿಷ್ಣುಗಣಕ್ಕೆ ಮೂರು, ರುದ್ರಗಣಕ್ಕೆ ನಾಲ್ಕು. ಗಣದ ಮೊದಲ ಅಂಶವು ಒಂದು ಗುರುವಾಗಿರಬೇಕು, ಇಲ್ಲವೆ ಎರಡು ಲಘುಗಳಾಗಿರಬೇಕು; ಅನಂತರದ ಅಂಶಗಳು ಗುರುವಾದರೂ ಸರಿ, ಒಂಟಿ ಲಘುವಾದರೂ ಸರಿ. ಹೀಗೆ ಬ್ರಹ್ಮಕ್ಕೆ 4, ವಿಷ್ಣುವಿಗೆ 8, ರುದ್ರಕ್ಕೆ 16 ರೂಪಗಳು ಸಿದ್ಧಿಸುತ್ತವೆ.

ಸುಮಾರು ಅದೇ ಕಾಲದ ಜಯಕೀರ್ತಿಯು ಸಂಸ್ಕೃತದಲ್ಲಿ ಬರೆದ 'ಛಂದೋನುಶಾಸನ'ದಲ್ಲಿ ಕನ್ನಡ ನಾಡಿನ ಜಾತಿಗಳಿಗೆ ಪ್ರತ್ಯೇಕ ಅಧಿಕಾರವನ್ನೇ ಮೀಸಲಿಟ್ಟು, ಈ ಗಣಗಳನ್ನು ರತಿ, ಮದನ, ಬಾಣವೆಂಬ ಬೇರೆ ಹೆಸರುಗಳಿಂದ ಕರೆಯುತ್ತಾನೆ. ಹೆಸರು ಯಾವುದಾದರೇನು, ಗಮನಿಸಬೇಕಾದುದು ಒಂದು ವಿಚಿತ್ರ ಸಂಗತಿ: ಇಲ್ಲಿ ಒಂದೇ ವಿಷ್ಣುಗಣವು ನಾಲ್ಕು ಮಾತ್ರೆಯದಾಗಬಹುದು, ಐದರದಾಗಬಹುದು, ಆರರದೂ ಆಗಬಹುದು. ಕಾಲದ ಅಳತೆಯಲ್ಲಿ ಇಷ್ಟು ಸಡಿಲವಾದುದನ್ನು ಒಂದೇ ಗಣವೆಂದು ಕಿವಿಯು ಹೇಗೆ ಒಪ್ಪಿತು? ಮುಂದಿನ ಮತಭೇದಗಳೆಲ್ಲವೂ ಈ ಒಂದು ಪ್ರಶ್ನೆಯಿಂದ ಕವಲೊಡೆದವುಗಳು.

ಬಾದಾಮಿಯ ಮೂರು ಪದ್ಯಗಳು

ಯಾವ ಪಕ್ಷದವರೂ ಮೊದಲು ಓಡಿಹೋಗುವುದು ಬಾದಾಮಿಗೆ. ಅಲ್ಲಿಯ ಬಂಡೆಯ ಮೇಲೆ, ಲಿಪಿಯ ಆಧಾರದಿಂದ ಸುಮಾರು 700ನೆಯ ಇಸವಿಯದೆಂದು ಎಣಿಸಲ್ಪಟ್ಟಿರುವ, ಕಪ್ಪೆ ಅರಭಟ್ಟನೆಂಬ ವೀರನ ಪ್ರಶಸ್ತಿಯುಂಟು. ಶಾಸನತಜ್ಞ ಫ್ಲೀಟನು 1881ರಲ್ಲಿ ಅದನ್ನು ಪ್ರಕಟಿಸಿದನು. ಒಂದಿಷ್ಟು ಬಿರುದುಗಳು, ಒಂದು ಸಂಸ್ಕೃತ ಶ್ಲೋಕ, ಮೂರು ತ್ರಿಪದಿಗಳು: ಇಷ್ಟೇ ಅದರ ಸಂಪತ್ತು. ನಾಗವರ್ಮನಿಗಿಂತ ಹೆಚ್ಚುಕಡಮೆ ಮುನ್ನೂರು ವರ್ಷ ಹಿಂದಿನ ಈ ಪದ್ಯಗಳನ್ನು ಆತನ ಸೂತ್ರದ ಮೇಲಿಟ್ಟು ಅಳೆದರೆ, ಮೂರರಲ್ಲಿಯೂ ಆರನೆಯ ಮತ್ತು ಹತ್ತನೆಯ ಸ್ಥಾನಗಳಲ್ಲಿ ಬ್ರಹ್ಮಗಣವೇ ನಿಲ್ಲುತ್ತದೆ. ಎರಡನೆಯ ಪದ್ಯದ ಎಂಟನೆಯ ಗಣವೊಂದು ಮಾತ್ರ, ಲಘು-ಗುರುವಿನಿಂದ ಮೊದಲಾಗುವ ಸಂಸ್ಕೃತ ಶಬ್ದವೊಂದು ಅಲ್ಲಿ ಬಂದು ಕುಳಿತಿರುವುದರಿಂದ, ಸೂತ್ರಕ್ಕೆ ಒಗ್ಗದೆ ಉಳಿಯುತ್ತದೆ. ದೇಸಿಯ ಗಣಕ್ಕೆ ಪರಭಾಷೆಯ ಶಬ್ದವು ಒದಗಿಸಿದ ಮೊದಲ ತೊಡಕು ಇದೆಂದು ಹೇಳಬಹುದೇನೋ.

ಮೊದಲನೆಯ ಪದ್ಯವು ಹೆಚ್ಚಿನ ವಿವೇಚನೆಗೆ ಅರ್ಹವಾದುದು. ಅದರ ರಚನೆಯೆಲ್ಲ ಇಮ್ಮಡಿಸಿದ ಶಬ್ದಗಳ ಮೇಲೆ ನಿಂತಿದೆ: ಒಂದು ಗುಣವಾಚಕವು ಚತುರ್ಥಿಯಲ್ಲಿ ಬಂದು, ಕೂಡಲೇ ಪ್ರಥಮೆಯಲ್ಲಿ ಮರಳುತ್ತದೆ, ಅನಂತರ ಇನ್ನೊಂದು ಗುಣವಾಚಕವು ಅದೇ ಕ್ರಮವನ್ನು ಅನುಸರಿಸುತ್ತದೆ. ಒಳ್ಳೆಯವರಿಗೆ ಈತ ಒಳ್ಳೆಯವನು, ಇನಿದಾದವರಿಗೆ ಇನಿದಾದವನು ಎಂಬುದು ತಾತ್ಪರ್ಯ. ಎರಡು ಸಲ ಹೀಗೆ ಕೇಳಿದ ಕಿವಿಯು ಮೂರನೆಯ ಸಲವೂ ಹಾಗೆಯೇ ಆದೀತೆಂದು ಕಾದಿರುವಾಗ, ಎರಡನೆಯ ಪಾದದ ನಡುವೆ 'ಕಲಿ' ಎಂಬ ಶಬ್ದವು ಚತುರ್ಥಿಯಲ್ಲಿ ಬರುತ್ತದೆ. ಅದರ ಬೆನ್ನಿಗೇ ಅದೇ ಶಬ್ದವು ಮರಳುತ್ತದೆಯಾದರೂ ಈ ಬಾರಿ ಸಮಾಸದ ಒಳಹೊಕ್ಕು, ಕಲಿಗೆ ಕಲಿಯಾಗದೆ ಕಲಿಯುಗಕ್ಕೆ ವಿರುದ್ಧನಾದವನೆಂದು ತಿರುಗಿಬೀಳುತ್ತದೆ. ಈ ತಿರುವು ಮೊದಲಾಗುವುದು ಆರನೆಯ ಗಣದಲ್ಲಿ, ಎಂದರೆ ಇಡಿಯ ಪದ್ಯದಲ್ಲಿ ಮೊದಲ ಬಾರಿಗೆ ಲಯವು ಕಿರಿದಾದ ಹೆಜ್ಜೆಯಿಡುವ ಸ್ಥಾನದಲ್ಲಿಯೇ. ಅರ್ಥದ ಪಲ್ಲಟವೂ ಗಣದ ಪಲ್ಲಟವೂ ಒಂದೆಡೆ ಕೂಡಿರುವುದನ್ನು ಕಂಡಮೇಲೆ, ಬಂಡೆಯ ಕವಿಯನ್ನು ಅನಾಮಧೇಯನೆನ್ನಬಹುದೇ ಹೊರತು ಅಪಕ್ವನೆನ್ನಲಾಗದು.

ಇನ್ನೊಂದು ಸೂಕ್ಷ್ಮವುಂಟು. ಮೊದಲ ಪಾದದ ನಾಲ್ಕು ಶಬ್ದಗಳನ್ನು ಅಕ್ಷರಗಳಲ್ಲಿ ಎಣಿಸಿದರೆ ಮೂರು, ಎರಡು, ನಾಲ್ಕು, ಮೂರು. ಗಣಗಳಾದರೋ ಮೂರುಮೂರು ಅಕ್ಷರಗಳವು. ಆದುದರಿಂದ ಮೂರನೆಯ ಶಬ್ದವು ಎರಡನೆಯ ಗಣದ ಮಧ್ಯದಲ್ಲಿ ಹುಟ್ಟಿ ಮೂರನೆಯ ಗಣದಲ್ಲಿ ಮುಗಿಯುತ್ತದೆ. ಶಬ್ದದ ಪುನರುಕ್ತಿಯು ಗಣದ ಪುನರಾವರ್ತನೆಯೊಡನೆ ಕೂಡಿ, ಬಿಟ್ಟು, ಮತ್ತೆ ಪಾದಾಂತ್ಯದಲ್ಲಿ ಕೂಡುವುದರಿಂದ ಪದ್ಯವು ಏಕತಾನತೆಯಿಂದ ಪಾರಾಗಿದೆ.

ಪ್ರಾಸವನ್ನು ನೋಡಿದರೆ ಮೊದಲನೆಯದು ದೀರ್ಘದ ಮುಂದೆ ಒಂಟಿ ವ್ಯಂಜನವಿರುವ ಗಜಪ್ರಾಸ, ಉಳಿದೆರಡು ಒತ್ತಕ್ಷರದ ಹಯಪ್ರಾಸ. ಉಳಿದೆರಡರಲ್ಲಿ ಮೊದಲ ಪಾದದ ಮೂರನೆಯ ಗಣದ ಆದಿಯಲ್ಲಿಯೂ ಪ್ರಾಸಾಕ್ಷರವು ಮರಳಿ ಬಂದು ಪಾದವನ್ನು ಸರಿಯಾಗಿ ಇಬ್ಭಾಗಿಸುತ್ತದೆ. ಈ ಒಳಪ್ರಾಸವು ಇಂದಿನ ಜನಪದ ತ್ರಿಪದಿಗಳಲ್ಲಿಯೂ ಕಿವಿಗೆ ಬೀಳುವಂಥದು. ಎಲ್ಲಕ್ಕಿಂತ ಮಿಗಿಲಾಗಿ, ಮೂರು ಪದ್ಯಗಳಲ್ಲಿಯೂ ಆರನೆಯ ಗಣವನ್ನು ತುಂಬಿರುವುದು ಒಂದೇ ಶಬ್ದ, ಒಂದೇ ವಿಭಕ್ತಿಯಲ್ಲಿ: ಅದೇ 'ಕಲಿಗೆ'. ಇದನ್ನು ಆಕಸ್ಮಿಕವೆನ್ನಲು ಮನಸ್ಸು ಒಪ್ಪದು.

ಅಂಶವೇ ಮೂಲವೆನ್ನುವವರು

ಮೊದಲನೆಯ ಪಕ್ಷವು ಅಂಶಗಣವನ್ನು ದ್ರಾವಿಡ ಮೂಲದ ಸ್ವತಂತ್ರ ವ್ಯವಸ್ಥೆಯೆಂದು ತಿಳಿಯುತ್ತದೆ. 'ಕನ್ನಡ ಛಂದಸ್ಸಿನ ಚರಿತ್ರೆ'ಯನ್ನು ನಿರೂಪಿಸಿದ ಬಿ.ಎಂ. ಶ್ರೀಕಂಠಯ್ಯನವರಿಂದ ಮೊದಲ್ಗೊಂಡು ಡಿ.ಎಸ್. ಕರ್ಕಿ, ಟಿ.ವಿ. ವೆಂಕಟಾಚಲ ಶಾಸ್ತ್ರಿಗಳವರೆಗೆ ದೇಸಿ ಛಂದಸ್ಸಿನ ಅಧ್ಯಯನವು ಬೆಳೆದುಬಂದ ಹಾದಿಯಲ್ಲಿ ತಮಿಳು ತೆಲುಗುಗಳೊಡನೆ ಹೋಲಿಕೆಯು ಮುಖ್ಯವಾದ ಸಾಧನವಾಯಿತು. ತಮಿಳಿನ ಅಶೈಗಳಲ್ಲಿ ನೇರ್ ಎಂಬುದು ಒಂದು ಅಕ್ಷರದ ಘಟಕ, ನಿರೈ ಎಂಬುದು ಲಘುವಿನಿಂದ ಮೊದಲಾಗುವ ಎರಡು ಅಕ್ಷರಗಳದು. ಎರಡೂ ಸಮಾನವಾಗಿ ಒಂದೊಂದು ಘಟಕವಾಗಿಯೇ ಎಣಿಕೆಗೆ ಬರುವುದರಿಂದ ನಮ್ಮ ಆದ್ಯಂಶದ ನಿಯಮವು ಕೂಡಲೇ ನೆನಪಿಗೆ ಬರುತ್ತದೆ.

ತೆಲುಗಿನ ಸಾಕ್ಷ್ಯವು ಇನ್ನೂ ಹತ್ತಿರದ್ದು. ಅಲ್ಲಿ ಸೂರ್ಯಗಣಗಳು 2, ಇಂದ್ರಗಣಗಳು 6, ಚಂದ್ರಗಣಗಳು 14. ನಮ್ಮ 4, 8, 16ಕ್ಕೂ ಈ ಸಂಖ್ಯೆಗಳಿಗೂ ಇರುವ ಅಂತರವು ಪ್ರತಿಯೊಂದು ವರ್ಗದಲ್ಲಿಯೂ ಎರಡೆರಡೇ. ಬಿಟ್ಟುಹೋದ ಆ ಎರಡು ರೂಪಗಳು ಯಾವುವೆಂದು ನೋಡಿದರೆ, ಆದ್ಯಂಶದ ಮುಂದಿನ ಅಂಶಗಳೆಲ್ಲವೂ ಗುರುವಾಗಿರುವ, ಅತ್ಯಂತ ಭಾರವಾದ ರೂಪಗಳೇ ಅವು. ಒಂದೇ ಮನೆತನದ ಎರಡು ಶಾಖೆಗಳಲ್ಲಿ ಒಂದು ಭಾರವಾದುದನ್ನು ಕೈಬಿಟ್ಟಿತು, ಇನ್ನೊಂದು ಉಳಿಸಿಕೊಂಡಿತು.

ಈ ಪಕ್ಷವು ಚೆನ್ನಾಗಿ ವಿವರಿಸುವುದು ವೈವಿಧ್ಯವನ್ನು: ನಾಲ್ಕು ಮಾತ್ರೆಯ ಗಣದ ಪಕ್ಕದಲ್ಲಿ ಆರು ಮಾತ್ರೆಯದು ನಿಂತರೂ ಬಂಡೆಯ ಕವಿಗೆ ಅದು ದೋಷವಾಗಿ ತೋರಲಿಲ್ಲವೇಕೆಂಬುದನ್ನು ಬೇರಾವ ಪಕ್ಷವೂ ಇಷ್ಟು ಸರಳವಾಗಿ ಹೇಳಲಾರದು. ಆದರೆ ಕಿವಿಯ ಅನುಭವವನ್ನು ಅದು ವಿವರಿಸುವುದಿಲ್ಲ. ಪ್ರಸ್ತಾರವು ಹಾಳೆಯ ಮೇಲೆ ಸರಿಬಂದ ಮಾತ್ರಕ್ಕೆ ಲಯವು ಸಿದ್ಧಿಸಿತೆನ್ನುವುದು ವೈಯಾಕರಣನ ತೃಪ್ತಿಯೇ ಹೊರತು ಕೇಳುವವನದಲ್ಲ.

ಮಾತ್ರೆಯ ಪಕ್ಷ

ಎರಡನೆಯ ಪಕ್ಷದವರ ದೃಷ್ಟಿಯಿರುವುದು ಸರ್ವಜ್ಞನ ಮೇಲೆ ಮತ್ತು ಅವನಿಂದೀಚಿನ ತ್ರಿಪದಿಗಳ ಮೇಲೆ. ಇಲ್ಲಿ ವಿಷ್ಣುಗಣವು ಬಹುಮಟ್ಟಿಗೆ ಐದು ಮಾತ್ರೆಗೆ, ಬ್ರಹ್ಮಗಣವು ಮೂರಕ್ಕೆ ಒಗ್ಗಿಕೊಂಡು, ಪಾದಗಳು 20, 18, 13 ಮಾತ್ರೆಗಳ ಸಮೀಪಕ್ಕೆ ಬಂದು ನಿಲ್ಲುತ್ತವೆ. ಈ ಪರಿವರ್ತನೆಗೆ ಹೊರಗಿನ ಕಾರಣವನ್ನು ಹುಡುಕಬೇಕಾಗಿಯೇ ಇಲ್ಲ. ವಿಷ್ಣುಗಣದ ಎಂಟು ರೂಪಗಳಲ್ಲಿ ಎರಡು ಮಾತ್ರ ನಾಲ್ಕು ಮಾತ್ರೆಯವು, ಎರಡು ಮಾತ್ರ ಆರರವು, ಉಳಿದ ನಾಲ್ಕೂ ಐದು ಮಾತ್ರೆಯವೇ. ಅರ್ಧದಷ್ಟು ರೂಪಗಳು ಒಂದೇ ಅಳತೆಯಲ್ಲಿರುವಾಗ ಉಳಿದವು ಆ ಕಡೆಗೆ ವಾಲುವುದು ಸ್ವಾಭಾವಿಕ. ಹರಿಹರ ರಾಘವಾಂಕರ ತರುವಾಯ ರಗಳೆಯೂ ಷಟ್ಪದಿಯೂ ಮಾತ್ರಾಗಣದ ನಡೆಯನ್ನು ನಾಡಿನ ಕಿವಿಗೆ ಗಟ್ಟಿಯಾಗಿ ಕಲಿಸಿದ್ದೂ ಇದಕ್ಕೆ ನೆರವಾಗಿರಬೇಕು.

ಆದರೆ ಈ ಪಕ್ಷದ ಕೆಲವರು, ಮಾತ್ರಾಲಯವೇ ಮೂಲದ್ದು, ಅಂಶಗಣವೆಂಬುದು ಲಕ್ಷಣಕಾರರ ಕಲ್ಪನೆ ಎನ್ನುವವರೆಗೂ ಹೋಗುತ್ತಾರೆ. ಅವರಿಗೆ ಬಾದಾಮಿಯ ಮೊದಲ ಪದ್ಯವು ಆಶ್ಚರ್ಯಕರವಾಗಿ ಅನುಕೂಲವಾಗಿದೆ. ಪಾದಾಂತ್ಯದ ಲಘುವನ್ನು ಲಘುವೆಂದೇ ಎಣಿಸಿದರೆ ಅದರ ಮೂರು ಪಾದಗಳಲ್ಲಿ ನನಗೆ ದೊರೆಯುವ ಮೊತ್ತ 20, 18, 13! ಆದರೆ ಒಳಗಣ ಗಣಗಳು ನಾಲ್ಕರಿಂದ ಆರರವರೆಗೆ ಹೊಯ್ದಾಡುತ್ತವೆ. ಮೊತ್ತವು ಸರಿಬಂದಿದೆಯೇ ಹೊರತು ನಡೆಯಲ್ಲ. ಮೂರನೆಯ ಪದ್ಯವನ್ನು ಹಾಗೆಯೇ ಎಣಿಸಿದರೆ 19, 20, 15 ಆಗುವುದರಿಂದ ಮೊತ್ತದ ಸಮಾಧಾನವೂ ಕೈತಪ್ಪುತ್ತದೆ. ಗಣಗಳಲ್ಲಿ ಮಾತ್ರ ಅದು ಮೊದಲನೆಯದರಷ್ಟೇ ನಿರ್ದುಷ್ಟ. ಆದುದರಿಂದ ಮಾತ್ರೆಯ ಪಕ್ಷವು ತ್ರಿಪದಿಯ ಉತ್ತರಚರಿತ್ರೆಯನ್ನು ಬೆಳಗುತ್ತದೆಯೆಂದೂ, ಮೂಲವನ್ನು ಕುರಿತು ಅದರ ವಾದವು ನಿಲ್ಲಲಾರದೆಂದೂ ನಾನು ತಿಳಿದಿದ್ದೇನೆ.

ಹಾಡುವವರ ಸಾಕ್ಷ್ಯ

ಹಲಸಂಗಿಯ ಗೆಳೆಯರು 1931ರಲ್ಲಿ 'ಗರತಿಯ ಹಾಡು' ಸಂಕಲನವನ್ನು ಹೊರತಂದಾಗ ಈ ಚರ್ಚೆಗೆ ಹೊಸತೊಂದು ಬಾಗಿಲು ತೆರೆಯಿತು. ಶಾಸನದಲ್ಲಿಯೂ ಲಕ್ಷಣಗ್ರಂಥದಲ್ಲಿಯೂ ಓದಿಕೊಂಡಿದ್ದ ಪದ್ಯಜಾತಿಯು, ಅಕ್ಷರವನ್ನರಿಯದ ಹೆಣ್ಣುಮಕ್ಕಳ ಬಾಯಲ್ಲಿ ಪ್ರಾಸವೊಂದನ್ನೂ ಮರೆಯದೆ ಬದುಕಿರುವುದನ್ನು ವಿದ್ವಾಂಸರು ಕಂಡರು. ಆಗ ಮೂರನೆಯ ಪಕ್ಷವು ರೂಪುಗೊಂಡಿತು: ತ್ರಿಪದಿಯನ್ನು ಓದುವುದಲ್ಲ, ಹಾಡುವುದು, ಆದುದರಿಂದ ಅದರ ಲಯವನ್ನು ನಿರ್ಣಯಿಸತಕ್ಕದ್ದು ಧಾಟಿಯೇ. ನಾಲ್ಕು ಮಾತ್ರೆಯ ಗಣವನ್ನು ಎಳೆದು, ಆರು ಮಾತ್ರೆಯದನ್ನು ಅಡಕಿ, ಹಾಡುಗಾರ್ತಿ ಎರಡನ್ನೂ ಒಂದೇ ಕಾಲಕ್ಕೆ ತರುತ್ತಾಳೆ. ಬೀಸುವ ಕಲ್ಲಿನ ಸುತ್ತು, ಕುಟ್ಟುವ ಒನಕೆಯ ಏಟು, ಹಂತಿಯ ಎತ್ತುಗಳ ನಡೆ, ಇವು ಹೊರಗಿನಿಂದ ಒದಗಿಸುವ ತಾಳವೇ ಗಣಗಳ ಏರುಪೇರನ್ನು ಸರಿದೂಗಿಸುತ್ತದೆ. ಅಂಶಗಣವನ್ನು ಕಿವಿ ಒಪ್ಪಿದ್ದು ಹೇಗೆಂಬ ನಮ್ಮ ಮೊದಲ ಪ್ರಶ್ನೆಗೆ ಈವರೆಗೆ ದೊರೆತಿರುವ ಅತ್ಯಂತ ಸಮರ್ಪಕವಾದ ಉತ್ತರ ಇದೇ. ಛಂದಸ್ಸಿನ ವಿಚಾರಕ್ಕೆ 'ಗತಿ'ಯನ್ನು ಕೇಂದ್ರವಾಗಿ ತಂದ ಸೇಡಿಯಾಪು ಕೃಷ್ಣಭಟ್ಟರಾದರೋ ಪದ್ಯದ ಗತಿ ಬೇರೆ, ಸಂಗೀತದ ತಾಳ ಬೇರೆ ಎಂಬ ಎಚ್ಚರವನ್ನೂ ನಮಗೆ ಕಲಿಸಿದ್ದಾರೆ. ಹಾಡಿನಲ್ಲಿ ಏನನ್ನು ಬೇಕಾದರೂ ತಾಳಕ್ಕೆ ಕೂರಿಸಬಹುದಾದ ಮೇಲೆ ಗಣನಿಯಮವೇ ಏತಕ್ಕೆ ಎಂಬ ಪ್ರಶ್ನೆಗೆ ಧಾಟಿಯ ಪಕ್ಷದವರು ಉತ್ತರಿಸಬೇಕಾಗಿದೆ.

ಇದೇ ಪಕ್ಷವು ಪಾದದ ಪುನರುಕ್ತಿಯನ್ನೂ ಚರ್ಚೆಯ ನಡುವಿಗೆ ತಂದಿತು. ಬಹುವಾಗಿ ಕೇಳಿಬರುವ ಒಂದು ಧಾಟಿಯಲ್ಲಿ ಮೊದಲ ಪಾದವಾದ ಮೇಲೆ ಎರಡನೆಯದರ ಮೂರೇ ಗಣಗಳನ್ನು ಹಾಡಿ ನಿಲ್ಲಿಸಿ, ಮತ್ತೆ ಆ ಪಾದವನ್ನು ಮೊದಲಿನಿಂದೆತ್ತಿಕೊಂಡು ಪೂರ್ತಿಗೊಳಿಸಿ, ಆಮೇಲೆ ಮೂರನೆಯದಕ್ಕೆ ಸಾಗುತ್ತಾರೆ. ಆಗ ಬರಹದ ಮೂರು ಪಾದಗಳು ಬಾಯಲ್ಲಿ ನಾಲ್ಕಾಗಿ, ಗಣಗಳು 4, 3, 4, 3 ಎಂದು ಹದಿನಾಲ್ಕಾಗುತ್ತವೆ. ಸಾಂಗತ್ಯದಲ್ಲಿರುವುದೂ ಇದೇ ಹದಿನಾಲ್ಕು, ಇದೇ ಹಂಚಿಕೆಯಲ್ಲಿ. ರತ್ನಾಕರವರ್ಣಿಯ 'ಭರತೇಶ ವೈಭವ'ದಂಥ ಮಹಾಕಾವ್ಯಕ್ಕೆ ವಾಹನವಾದ ಪದ್ಯಜಾತಿಯು ಹಾಡುವವರ ಒಂದು ಮರುಕಳಿಕೆಯಿಂದ ಹುಟ್ಟಿತೆಂಬ ಈ ಊಹೆಯು ರಮಣೀಯವಾದುದು, ನಿಜವೂ ಆಗಿರಬಹುದು. ಆದರೆ ಲೆಕ್ಕದಲ್ಲಿ ಒಂದು ಕೊರತೆಯುಂಟು: ಹಾಡಿದ ತ್ರಿಪದಿಯಲ್ಲಿ ಬ್ರಹ್ಮಗಣಗಳು 6, 9, 13ನೆಯ ಸ್ಥಾನಗಳಲ್ಲಿ ಬೀಳುತ್ತವೆ, ಸಾಂಗತ್ಯದಲ್ಲಿ ಅವು 7 ಮತ್ತು 14ರಲ್ಲಿ. ಉದ್ದವು ಹೇಗೆ ಬಂದಿತೆಂಬುದನ್ನು ಪುನರುಕ್ತಿಯು ಹೇಳುತ್ತದೆ. ಕಿರುಗಣವು ಪಾದದ ಕೊನೆಗೆ ಸರಿದುದೇಕೆಂಬುದನ್ನು ಹೇಳುವುದಿಲ್ಲ.

ಇದೇ ಧಾಟಿಯಲ್ಲಿ ಬಾದಾಮಿಯ ಮೊದಲ ಪದ್ಯವನ್ನೊಮ್ಮೆ ಹಾಡಿಕೊಂಡರೆ ಕುತೂಹಲಕರವಾದುದೊಂದು ಸಂಭವಿಸುತ್ತದೆ. ಎರಡನೆಯ ಪಾದದ ಮೂರು ಗಣಗಳಿಗೆ ನಿಲ್ಲಿಸಿದಾಗ ಕೇಳುವವನಿಗೆ ದಕ್ಕುವುದು 'ಕಲಿ' ಮತ್ತು 'ಕಲಿಯುಗ'ಗಳೆರಡೇ, ಹಿಂದಿನ ಜೋಡಿಗಳ ಮಾದರಿಯಲ್ಲಿಯೇ. ವಿರೋಧವನ್ನು ಸೂಚಿಸುವ ಶಬ್ದವು ಎಂಟನೆಯ ಗಣದಲ್ಲಿ ಅಡಗಿದ್ದು, ಪಾದವನ್ನು ಮರಳಿ ಹಾಡಿದಾಗಲೇ ಹೊರಬೀಳುತ್ತದೆ. ಆ ಕಾಲದಲ್ಲಿ ಹೀಗೆ ಹಾಡುತ್ತಿದ್ದರೆಂಬುದಕ್ಕೆ ಪ್ರಮಾಣವಿಲ್ಲ. ಪದ್ಯವು ಆ ಧಾಟಿಗೆ ಹೇಳಿಮಾಡಿಸಿದಂತಿದೆಯೆಂದಷ್ಟೇ ಹೇಳಬಲ್ಲೆ.

ಪುನರುಕ್ತಿ: ಅಲಂಕಾರವೋ, ಅಂಗವೋ?

ಅಲಂಕಾರಶಾಸ್ತ್ರವು ಪುನರುಕ್ತಿಯನ್ನು ಶಬ್ದಾಲಂಕಾರದ ಪ್ರಕರಣದಲ್ಲಿಟ್ಟಿತು. ಶಬ್ದವೂ ಅರ್ಥವೂ ಒಂದೇ ಆಗಿದ್ದು ತಾತ್ಪರ್ಯದಲ್ಲಿ ಮಾತ್ರ ಭೇದವಿರುವ ಆವೃತ್ತಿಯು ಲಾಟಾನುಪ್ರಾಸ. ಅರಭಟ್ಟನ ಪದ್ಯದ ಮೊದಲೆರಡು ಜೋಡಿಗಳಿಗೆ ಈ ಹೆಸರು ಒಪ್ಪುವುದು. ಆದರೆ ಕನ್ನಡದ ಆದಿಪ್ರಾಸವನ್ನು ಅಲಂಕಾರವೆನ್ನಲು ನಮ್ಮ ಪೂರ್ವಿಕರೇ ಸಿದ್ಧರಿರಲಿಲ್ಲ. ಕನ್ನಡಿಗರು ಪ್ರಾಸಕ್ಕಾಗಿ ಯತಿಯನ್ನು ಮೀರಿದರೆಂದು ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ'ವು ಆಗಲೇ ಗುರುತಿಸಿತ್ತು. ನಾಗವರ್ಮನು ಸಿಂಹ, ಗಜ, ವೃಷಭ, ಅಜ, ಶರಭ, ಹಯವೆಂದು ಆರು ಪ್ರಾಸಗಳನ್ನು ವಿವರಿಸಿದ್ದು ಛಂದೋಗ್ರಂಥದಲ್ಲಿ. ಎಂದರೆ ಒಂದು ಬಗೆಯ ಪುನರುಕ್ತಿಯನ್ನಾದರೂ ಅವರು ಕಟ್ಟಿನ ಅಂಗವೆಂದೇ ಎಣಿಸಿದ್ದರು.

ಪಶ್ಚಿಮದ ಈಚಿನ ವಿಚಾರಗಳು ಇಲ್ಲಿ ಎರಡು ದಿಕ್ಕಿನಿಂದ ಬೆಳಕು ಬೀರುತ್ತವೆ. ಸಮಾನತೆಯ ಪುನರಾವರ್ತನೆಯೇ ಕಾವ್ಯಭಾಷೆಯ ಕಟ್ಟೋಣವೆಂದು ವಾದಿಸಿದ ರೋಮನ್ ಯಾಕಬ್ಸನ್, ವ್ಯಾಕರಣರೂಪಗಳ ಆವೃತ್ತಿಯನ್ನೂ ಪ್ರಾಸದಷ್ಟೇ ಗಂಭೀರವಾಗಿ ಪರಿಗಣಿಸಿದನು. ಚತುರ್ಥಿ-ಪ್ರಥಮೆಗಳ ಜೋಡಣೆಯನ್ನು ಕಾಣಲು ಆ ಕಣ್ಣು ಬೇಕು. ಮಿಲ್ಮನ್ ಪ್ಯಾರಿ ಮತ್ತು ಆಲ್ಬರ್ಟ್ ಲಾರ್ಡ್ ಅವರಾದರೋ ಮೌಖಿಕ ಕವಿಯು ಒಂದೇ ಛಂದಃಸ್ಥಾನಕ್ಕೆ ಒಗ್ಗುವ ಸಿದ್ಧನುಡಿಗಳಿಂದ ಹಾಡನ್ನು ಕಟ್ಟುತ್ತಾನೆಂದು ತೋರಿಸಿದರು. ಬಾದಾಮಿಯ ಆರನೆಯ ಗಣವನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ನೋಡಬಹುದು. ಸರ್ವಜ್ಞನ ಅಂಕಿತವು ಪ್ರತಿಯೊಂದು ವಚನದ ಹನ್ನೊಂದನೆಯ ಗಣದಲ್ಲಿ, ಎರಡು ಗುರು ಒಂದು ಲಘುವಿನ ನಿರ್ದುಷ್ಟ ವಿಷ್ಣುಗಣವಾಗಿ ಬಂದು ಕೂರುವುದರಿಂದ ಅವನಿಗೆ ಹೊಸದಾಗಿ ಕಟ್ಟಬೇಕಾಗಿ ಉಳಿಯುವುದು ಹತ್ತೇ ಗಣಗಳು. ಗರತಿಯರ ಹಾಡುಗಳ 'ಹಡೆದವ್ವ' ಎಂಬ ಸಂಬೋಧನೆಯೂ ಐದು ಮಾತ್ರೆಯ ವಿಷ್ಣುಗಣವೇ. ಹಾಡುವವಳು ಮುಂದಿನ ಸೊಲ್ಲನ್ನು ನೆನೆಯುವಷ್ಟು ಬಿಡುವನ್ನು ಅದು ಕೊಡುತ್ತದೆ.

ಆದರೂ ಈ ಸಿದ್ಧಾಂತವನ್ನು ನೇರವಾಗಿ ಇಲ್ಲಿಗೆ ತಂದು ನೆಡುವುದರಲ್ಲಿ ಅಪಾಯವಿದೆ. ಪ್ಯಾರಿ-ಲಾರ್ಡರು ನೋಡಿದ್ದು ಸಾವಿರಾರು ಪಾದಗಳ ವೀರಗಾಥೆಗಳನ್ನು. ತ್ರಿಪದಿಯು ಮೂರು ಪಾದಗಳಲ್ಲಿ ಮುಗಿಯುವಂಥದು. ದೀರ್ಘ ಕಥನದಲ್ಲಿ ಸಿದ್ಧನುಡಿಯು ಹಾಡುವವನಿಗೆ ಊರುಗೋಲು. ಇಷ್ಟು ಕಿರಿದಾದ ಪದ್ಯದಲ್ಲಿ ಹನ್ನೊಂದರಲ್ಲೊಂದು ಗಣವನ್ನು ಮೀಸಲಿಟ್ಟರೆ ಅದು ಊರುಗೋಲಿಗಿಂತ ಮಿಗಿಲಾದ ಕೆಲಸವನ್ನು ಮಾಡಲೇಬೇಕು.

ಇನ್ನೂ ತೀರದವು

ಅಂಶಗಣಕ್ಕೂ ತಮಿಳಿನ ಅಶೈಗೂ ಇರುವುದು ರಕ್ತಸಂಬಂಧವೋ, ಸಮಾನ ಭಾಷಾಸ್ವಭಾವದಿಂದ ಒದಗಿದ ಸಾಮ್ಯವೋ ಎಂಬುದು ತೀರ್ಮಾನವಾಗಿಲ್ಲ. ಬಾದಾಮಿಗಿಂತ ಹಿಂದೆ ತ್ರಿಪದಿಯು ಯಾವ ರೂಪದಲ್ಲಿತ್ತು, ಅದು ಹುಟ್ಟಿನಿಂದಲೇ ಮೂರು ಪಾದದ್ದೋ, ಹಾಡಿನ ನಾಲ್ಕು ಪಾದಗಳನ್ನು ಬರಹವು ಮೂರಾಗಿ ಕುಗ್ಗಿಸಿತೋ ಎಂಬುದಕ್ಕೂ ಸಾಕ್ಷ್ಯ ಸಾಲದು. ಸಾಂಗತ್ಯದ ಬ್ರಹ್ಮಗಣದ ಸ್ಥಳಾಂತರವನ್ನು ಮೇಲೆ ಹೇಳಿಯಾಯಿತು. ಆರು ಮಾತ್ರೆಯ ಗಣವನ್ನು ಹಾಡುವವಳು ನಿಜವಾಗಿಯೂ ಅಡಕುತ್ತಾಳೆಯೋ, ಇಲ್ಲ ತಾಳವನ್ನೇ ತುಸು ತಡೆಯುತ್ತಾಳೆಯೋ ಎಂಬುದಂತೂ ಹಾಳೆಯ ಮೇಲೆ ವಾದಿಸಿ ತೀರಿಸಬಹುದಾದ ವಿಷಯವೇ ಅಲ್ಲ. ಹಾಡಿದ್ದನ್ನು ಧ್ವನಿಮುದ್ರಿಸಿಕೊಂಡು ಅಳೆದೇ ತಿಳಿಯಬೇಕು.

ನಮ್ಮ ಜನಪದ ಸಂಕಲನಗಳಲ್ಲಿ ಬಹಳಷ್ಟು, ಹಾಡಿದವರು ಮೂರು ಬಾರಿ ಹೇಳಿದುದನ್ನು ಒಂದೇ ಬಾರಿ ಬರೆದು, ಸೊಲ್ಲನ್ನೂ ಪಲ್ಲವಿಯನ್ನೂ ಕೈಬಿಟ್ಟು, ತ್ರಿಪದಿಯನ್ನು ಅಚ್ಚುಕಟ್ಟಾದ ಮೂರು ಪಂಕ್ತಿಗಳಿಗೆ ಇಳಿಸಿಕೊಟ್ಟಿವೆ. ಕಾಗದವನ್ನು ಉಳಿಸಿದ ಈ ಮಿತವ್ಯಯವು ಸಾಕ್ಷ್ಯವನ್ನು ಅಳಿಸಿದೆ. ಇನ್ನು ಮುಂದೆ ಸಂಗ್ರಹಕ್ಕೆ ಹೊರಡುವವರು ಯಾವ ಗಣಕ್ಕೆ ನಿಲ್ಲಿಸಿದರು, ಯಾವುದನ್ನು ಮರಳಿ ಹಾಡಿದರು, ಎಷ್ಟು ಸಲ ಹಾಡಿದರು ಎಂಬುದನ್ನು ಪದ್ಯದ ಪಕ್ಕದಲ್ಲಿಯೇ ಗುರುತುಹಾಕಿ ಅಚ್ಚುಮಾಡಿಸಬೇಕೆಂದು ಕೇಳಿಕೊಳ್ಳುತ್ತೇನೆ.